ರಾಕ್ಷಸಿಯ ತಲೆಯೂ ಗುಡ್‌ರಿಕ್‌ನ ಕಣ್ಣೂ

ಆಲ್ಗಾಲ್ ನಕ್ಷತ್ರದ ಬಗ್ಗೆ ಬರೆಯುವವರು ಬಹುಮಟ್ಟಿಗೆ ಒಂದೇ ಕತೆ ಹೇಳುತ್ತಾರೆ. ಅದು ಮೂರು ದಿನಕ್ಕೊಮ್ಮೆ ಮಂಕಾಗಿ ಮತ್ತೆ ಬೆಳಗುತ್ತದೆ. ಹಿಂದಿನ ಕಾಲದವರು ಅದನ್ನು ಕಂಡು ಬೆಚ್ಚಿಬಿದ್ದರು. ಅದಕ್ಕೇ ಗ್ರೀಕರು ಅದನ್ನು ಮೆಡೂಸಾ ಎಂಬ ರಾಕ್ಷಸಿಯ ಕಣ್ಣೆಂದರು, ಅರಬರು ಪಿಶಾಚಿಯ ತಲೆ ಎಂದರು. ಕೇಳಲು ಸೊಗಸಾಗಿದೆ. ಮಕ್ಕಳಿಗೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ತೊಡಕು ಒಂದೇ: ಈ ನಕ್ಷತ್ರ ಮಂಕಾಗುವುದನ್ನು ನೋಡಿದೆವು ಎಂದು ಗ್ರೀಕರಾಗಲಿ ಅರಬರಾಗಲಿ ಬರೆದಿಟ್ಟ ಒಂದು ಸಾಲೂ ನಮ್ಮ ಕೈಗೆ ಬಂದಿಲ್ಲ. ಹೆಸರು ಬಂದ ದಾರಿ ಒಂದು, ಮಿಟುಕು ಪತ್ತೆಯಾದ ದಾರಿ ಇನ್ನೊಂದು. ಎರಡರ ನಡುವೆ ಹದಿನೈದು ಶತಮಾನಗಳ ಅಂತರವಿದೆ. ನನ್ನ ಮಟ್ಟಿಗೆ ಆ ಗಾಳಿಮಾತಿಗಿಂತ ಈ ಎರಡು ದಾರಿಗಳ ಕತೆಯೇ ಹೆಚ್ಚು ರುಚಿಕರ.

ಮೊದಲು ನಕ್ಷತ್ರದ ವಿಳಾಸ. ಡಿಸೆಂಬರ್ ನಡುವಿನ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು, ಎಡಗಡೆ ಕೆಳಗೆ ಇಂಗ್ಲಿಷಿನ ಎಮ್ ಅಕ್ಷರದಂತೆ ಕಾಣುವ ಕ್ಯಾಸಿಯೋಪಿಯಾ. ಇವೆರಡರ ನಡುವಿನ ಜಾಗದಲ್ಲಿ ಹರಡಿಕೊಂಡಿರುವುದು ಪರ್ಸಿಯಸ್ ಪುಂಜ. ಅದರ ಎರಡನೆಯ ದೊಡ್ಡ ಚುಕ್ಕಿಯೇ ಆಲ್ಗಾಲ್. ಕನ್ನಡದ ಖಗೋಳ ಪುಸ್ತಕಗಳಲ್ಲಿ ಈ ಪರ್ಸಿಯಸ್‌ಗೆ ಪಾರ್ಥ ಎಂದೂ ಕ್ಯಾಸಿಯೋಪಿಯಾಗೆ ಕುಂತಿ ಎಂದೂ ಆಂಡ್ರೊಮಿಡಾಗೆ ದ್ರೌಪದಿ ಎಂದೂ ಸೀಫಿಯಸ್‌ಗೆ ಯುಧಿಷ್ಠಿರ ಎಂದೂ ಹೆಸರುಂಟು. ಗ್ರೀಕರ ಅತ್ತೆ, ಮಾವ, ಮಗಳು, ಅಳಿಯ ಇಲ್ಲಿ ಪಾಂಡವರ ಸಂಸಾರವಾಗಿದ್ದಾರೆ. ಜಾಣ ಹೊಂದಾಣಿಕೆ. ಆದರೆ ಪಾರ್ಥನ ಕೈಗೆ ಕಡಿದ ರಾಕ್ಷಸಿಯ ತಲೆಯೊಂದನ್ನು ಕೊಡಲು ಮಹಾಭಾರತದಲ್ಲಿ ಜಾಗವಿಲ್ಲವಲ್ಲ! ಪುಂಜದ ಹೆಸರು ಬದಲಾದರೂ ಆ ಚುಕ್ಕಿ ಮಾತ್ರ ಕನ್ನಡದಲ್ಲೂ ಆಲ್ಗಾಲ್ ಆಗಿಯೇ ಉಳಿದಿದೆ.

ಆ ತಲೆ ಯಾರದು? ಗ್ರೀಸಿನ ಆರ್ಗೋಸ್ ಎಂಬ ಊರಿನ ದೊರೆ ಅಕ್ರಿಸಿಯಸ್‌ಗೆ ಒಂದು ದೈವವಾಣಿಯಾಯಿತು: ಮಗಳ ಮಗನಿಂದಲೇ ನಿನಗೆ ಸಾವು. ಕಂಸನ ಕತೆ ಬಲ್ಲವರಿಗೆ ಮುಂದಿನದು ಹೊಸದಲ್ಲ. ಮಗಳು ಡನಾಯಿಯನ್ನು ಕಂಚಿನ ಕೋಣೆಯಲ್ಲಿ ಕೂಡಿಹಾಕಿದ. ದೇವರಾಜ ಜ್ಯೂಸ್ ಚಿನ್ನದ ಮಳೆಯಾಗಿ ಒಳಗಿಳಿದ. ಹುಟ್ಟಿದ ಕೂಸು ಪರ್ಸಿಯಸ್. ತಾಯಿಯನ್ನೂ ಮಗುವನ್ನೂ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಬಿಟ್ಟರು. ಪೆಟ್ಟಿಗೆ ತೇಲುತ್ತ ಸೆರಿಫೋಸ್ ದ್ವೀಪ ಸೇರಿತು. ಡಿಕ್ಟಿಸ್ ಎಂಬಾತ ಬಲೆ ಬೀಸಿ ದಡಕ್ಕೆಳೆದ. ಹುಡುಗ ದೊಡ್ಡವನಾದ ಮೇಲೆ ಅಲ್ಲಿನ ರಾಜ ಪಾಲಿಡೆಕ್ಟಿಸ್‌ಗೆ ಡನಾಯಿಯ ಮೇಲೆ ಕಣ್ಣು ಬಿತ್ತು. ಅಡ್ಡಿಯಾಗಿದ್ದ ಮಗನನ್ನು ದೂರ ಅಟ್ಟಬೇಕಿತ್ತು. ಗೊರ್ಗಾನ್ ಮೆಡೂಸಾಳ ತಲೆ ತಾ ಎಂದ.

ಗೊರ್ಗಾನ್‌ಗಳು ಮೂವರು ಅಕ್ಕತಂಗಿಯರು. ತಲೆಗೂದಲಿನ ಜಾಗದಲ್ಲಿ ಹಾವುಗಳು. ಅವರನ್ನು ನೋಡಿದವರು ನಿಂತಲ್ಲೇ ಕಲ್ಲು. ಮೂವರಲ್ಲಿ ಸಾವಿದ್ದದ್ದು ಮೆಡೂಸಾಳಿಗೆ ಮಾತ್ರ. ನೋಡದೆ ಕೊಲ್ಲುವುದು ಹೇಗೆ? ಕತೆ ಕಟ್ಟಿದವನ ಚಾತುರ್ಯವೆಲ್ಲ ಈ ತೊಡಕಿನಲ್ಲೇ ಇದೆ. ಒಂದೇ ಕಣ್ಣು ಒಂದೇ ಹಲ್ಲನ್ನು ಸರದಿಯಂತೆ ಬಳಸುತ್ತಿದ್ದ ಮೂವರು ಮುದುಕಿಯರಿಂದ ಪರ್ಸಿಯಸ್ ದಾರಿ ತಿಳಿದುಕೊಂಡ, ಅದೂ ಕಣ್ಣು ಕೈ ಬದಲಾಗುವ ಕ್ಷಣದಲ್ಲಿ ಅದನ್ನು ಕಸಿದುಕೊಂಡು, ಹೇಳಿದರೆ ಮಾತ್ರ ಕೊಡುತ್ತೇನೆ ಎಂದು ಬೆದರಿಸಿ. ರೆಕ್ಕೆಯ ಪಾದರಕ್ಷೆ, ತೊಟ್ಟರೆ ಯಾರಿಗೂ ಕಾಣದಂತಾಗುವ ಟೊಪ್ಪಿಗೆ, ತಲೆ ಹಾಕಿಕೊಳ್ಳಲು ಒಂದು ಜೋಳಿಗೆ ಸಿಕ್ಕವು. ಗೊರ್ಗಾನ್‌ಗಳು ಮೂವರೂ ಮಲಗಿದ್ದಾಗ ಕಂಚಿನ ಗುರಾಣಿಯಲ್ಲಿ ಮೂಡಿದ ಪ್ರತಿಬಿಂಬವನ್ನಷ್ಟೇ ನೋಡುತ್ತ ಹಿಮ್ಮುಖವಾಗಿ ಹತ್ತಿರ ಹೋಗಿ ಕತ್ತಿ ಬೀಸಿದ. ಅವನ ಕೈ ಹಿಡಿದು ಗುರಿ ತೋರಿದವಳು ಅಥೀನಾ ದೇವಿ. ಕಡಿದ ಕೊರಳಿನಿಂದ ರೆಕ್ಕೆಯ ಕುದುರೆ ಪೆಗಸಸ್ ಹಾರಿಬಂತು.

ಇಲ್ಲಿಗೇ ಮುಗಿಯಲಿಲ್ಲ. ಸತ್ತ ತಲೆಗೂ ಕಲ್ಲು ಮಾಡುವ ಶಕ್ತಿ ಹೋಗಿರಲಿಲ್ಲ. ಮರಳುವ ದಾರಿಯಲ್ಲಿ, ತಾಯಿ ಕ್ಯಾಸಿಯೋಪಿಯಾಳ ಜಂಬದ ಮಾತಿಗೆ ದಂಡವಾಗಿ ಸಮುದ್ರದ ಬಂಡೆಗೆ ಬಿಗಿಯಲ್ಪಟ್ಟಿದ್ದ ಆಂಡ್ರೊಮಿಡಾಳನ್ನು ಪರ್ಸಿಯಸ್ ಕಂಡ, ನುಂಗಲು ಬಂದ ಕಡಲಮೃಗ ಸೀಟಸ್‌ನನ್ನು ಕೊಂದ, ಅವಳನ್ನು ಮದುವೆಯಾದ. ಸೆರಿಫೋಸ್‌ಗೆ ಬಂದು ಪಾಲಿಡೆಕ್ಟಿಸ್‌ನ ತುಂಬಿದ ಸಭೆಯಲ್ಲಿ ಜೋಳಿಗೆ ಬಿಚ್ಚಿದ. ಸಭೆಗೆ ಸಭೆಯೇ ಕಲ್ಲಾಯಿತು. ತಾತ ಅಕ್ರಿಸಿಯಸ್ ಸತ್ತದ್ದೂ ಮೊಮ್ಮಗನ ಕೈಯಿಂದಲೇ, ಆಟದ ಮೈದಾನದಲ್ಲಿ ಗುರಿ ತಪ್ಪಿ ಬಂದ ಡಿಸ್ಕಸ್ ತಗುಲಿ. ತಲೆ ಕೊನೆಗೆ ಅಥೀನಾಳ ಪಾಲಾಯಿತು.

ಈ ಇಡೀ ಬಳಗವನ್ನು ಗ್ರೀಕರು ಆಕಾಶದ ಒಂದೇ ಮೂಲೆಯಲ್ಲಿ ಒಟ್ಟಾಗಿ ಕೂರಿಸಿದರು: ಪರ್ಸಿಯಸ್, ಆಂಡ್ರೊಮಿಡಾ, ಅವಳ ತಂದೆ ಸೀಫಿಯಸ್, ತಾಯಿ ಕ್ಯಾಸಿಯೋಪಿಯಾ, ಕಡಲಮೃಗ ಸೀಟಸ್, ರೆಕ್ಕೆಯ ಕುದುರೆ ಪೆಗಸಸ್. ಪರ್ಸಿಯಸ್‌ನ ಒಂದು ಕೈಯಲ್ಲಿ ಆಯುಧ, ಇನ್ನೊಂದರಲ್ಲಿ ನೇತಾಡುವ ತಲೆ. ಕ್ರಿ.ಶ. ಎರಡನೇ ಶತಮಾನದಲ್ಲಿ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಮಾಡಿದ. ಆಗ ಇಂದಿನಂತೆ ಒಂದೊಂದು ಚುಕ್ಕಿಗೆ ಒಂದೊಂದು ಹೆಸರು ಇರಲಿಲ್ಲ. ಚಿತ್ರದಲ್ಲಿ ಎಲ್ಲಿದೆ ಎಂಬುದೇ ನಕ್ಷತ್ರದ ಗುರುತು: ಭುಜದ ಮೇಲಿನದು, ಮೊಣಕಾಲಿನದು, ಬಾಲದ ತುದಿಯದು. ಗೊರ್ಗಾನ್ ತಲೆಯ ಪಾಲಿಗೆ ನಾಲ್ಕು ಚುಕ್ಕಿಗಳು ಬಂದವು. ಅವುಗಳಲ್ಲಿ ಎದ್ದು ಕಾಣುವುದನ್ನು ಟಾಲೆಮಿ ಗೊರ್ಗಾನ್ ತಲೆಯ ಪ್ರಕಾಶಮಾನ ಚುಕ್ಕಿ ಎಂದು ಗುರುತಿಸಿ, ಎರಡನೇ ದರ್ಜೆಯದು ಎಂದು ಬರೆದ. ಮಂಕಾಗುತ್ತದೆ ಎಂದಿಲ್ಲ, ಕಣ್ಣು ಎಂದೂ ಇಲ್ಲ. ನಿಗದಿತ ವೇಳೆಗೆ ಹೊಳಪು ಬದಲಿಸುವ ನಕ್ಷತ್ರವೊಂದು ಗೊತ್ತಿದ್ದಿದ್ದರೆ ಪಟ್ಟಿ ಮಾಡುವಾಗ ಅದನ್ನು ಬಾಯಿಬಿಡದೆ ಬಿಡುವ ಆಸಾಮಿ ಟಾಲೆಮಿ ಅಲ್ಲ.

ಟಾಲೆಮಿಯ ಗ್ರಂಥ ಅರಬ್ಬಿಗೆ ಹೋಯಿತು. ಹತ್ತನೇ ಶತಮಾನದಲ್ಲಿ ಪರ್ಶಿಯಾದ ಅಲ್-ಸೂಫಿ ಅದನ್ನು ಆಧರಿಸಿ, ತಾನೇ ಆಕಾಶ ನೋಡಿ ತಿದ್ದಿ, ಸ್ಥಿರ ನಕ್ಷತ್ರಗಳ ಪುಸ್ತಕ ಬರೆದ. ಗೊರ್ಗಾನ್ ಅಂದರೇನೆಂದು ಅರಬ್ಬಿ ಓದುಗರಿಗೆ ಹೇಗೆ ಗೊತ್ತಾಗಬೇಕು? ಅವರ ಜನಪದದಲ್ಲಿ ಮರುಭೂಮಿಯ ಪ್ರಯಾಣಿಕರಿಗೆ ದಾರಿ ತಪ್ಪಿಸಿ ತಿನ್ನುವ, ವೇಷ ಬದಲಿಸುವ ಪಿಶಾಚಿಯೊಂದಿತ್ತು. ಅದಕ್ಕೆ ಗೂಲ್ ಎಂದು ಹೆಸರು. ಗೊರ್ಗಾನ್ ತಲೆ ಹೀಗೆ ರಾಸ್ ಅಲ್-ಗೂಲ್ ಆಯಿತು, ಗೂಲ್‌ನ ತಲೆ. ಅಲ್-ಸೂಫಿಯ ಪುಸ್ತಕದ ಹಸ್ತಪ್ರತಿಗಳ ಚಿತ್ರ ನೋಡಿದರೆ ನಗು ಬರುತ್ತದೆ: ಪರ್ಸಿಯಸ್‌ನ ಕೈಯಲ್ಲಿರುವುದು ಹಾವಿನ ಜಡೆಯ ಹೆಣ್ಣಲ್ಲ, ಗಡ್ಡ ಬಿಟ್ಟ ಗಂಡು ಪಿಶಾಚಿ! ಮೆಡೂಸಾ ಇಲ್ಲಿ ಹೆಸರನ್ನು ಮಾತ್ರವಲ್ಲ, ಲಿಂಗವನ್ನೂ ಕಳೆದುಕೊಂಡಿದ್ದಳು. ಹನ್ನೆರಡನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ಕ್ರೆಮೋನಾದ ಗೆರಾರ್ಡ್ ಎಂಬ ವಿದ್ವಾಂಸ ಟಾಲೆಮಿಯನ್ನು ಅರಬ್ಬಿಯಿಂದ ಲ್ಯಾಟಿನ್ನಿಗೆ ತಂದ. ಅಲ್ಲಿಂದಾಚೆಗೆ ಯುರೋಪಿನ ವಿದ್ವಾಂಸರ ಬಾಯಲ್ಲಿ ರಾಸ್ ಉದುರಿಹೋಗಿ ಅಲ್-ಗೂಲ್ ಮಾತ್ರ ಉಳಿಯಿತು. ಆಲ್ಗಾಲ್.

ಪಿಶಾಚಿ ಎಂದ ಮೇಲೆ ಜ್ಯೋತಿಷಿಗಳು ಸುಮ್ಮನಿರುತ್ತಾರೆಯೇ? ಮಧ್ಯಯುಗದ ಯುರೋಪಿನಲ್ಲಿ ಆಲ್ಗಾಲ್ ಆಕಾಶದ ಅತಿ ಕೆಟ್ಟ ನಕ್ಷತ್ರ ಎನಿಸಿಕೊಂಡಿತು. ತಲೆ ಕಡಿಸಿಕೊಳ್ಳುವ ಯೋಗವೆಲ್ಲ ಅದರ ಲೆಕ್ಕಕ್ಕೆ ಬಿತ್ತು. ಹೊಳಪಿನ ಮಾತು ಇಲ್ಲೂ ಇಲ್ಲ, ಹೆಸರೇ ಅಪಶಕುನ. ಚೀನೀಯರೂ ಇದನ್ನು ಹೆಣದ ರಾಶಿ ಎಂದು ಕರೆದಿದ್ದರು, ದೂರದ ಎರಡು ನಾಡುಗಳಿಗೆ ಒಂದೇ ಭಯ ಹುಟ್ಟಬೇಕಾದರೆ ಕಾರಣವಿರಲೇಬೇಕು ಎಂದು ವಾದಿಸುವವರಿದ್ದಾರೆ. ಚೀನೀ ಪಟ್ಟಿ ತೆಗೆದು ನೋಡಿದರೆ ಹೆಣದ ರಾಶಿ ಪಕ್ಕದ ಇನ್ನೊಂದು ಸಣ್ಣ ಚುಕ್ಕಿ, ಪೈ ಪರ್ಸಿ. ಆಲ್ಗಾಲ್ ಅಲ್ಲಿ ಮಹಾಸಮಾಧಿ ಎಂಬ ಗುಂಪಿನ ಐದನೆಯ ನಕ್ಷತ್ರ, ಅಷ್ಟೇ.

ಹಾಗಾದರೆ ಬರಿಗಣ್ಣಿಗೆ ಕಾಣುವ, ಹೊಳಪು ಮೂರನೇ ಒಂದು ಭಾಗಕ್ಕೆ ಇಳಿಯುವ ನಕ್ಷತ್ರವೊಂದು ಇಷ್ಟು ಶತಮಾನ ಎಲ್ಲರ ಕಣ್ಣಿಗೂ ಮಣ್ಣೆರಚಿದ್ದು ಹೇಗೆ? ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಆಲ್ಗಾಲ್‌ನ ಒಂದು ಸುತ್ತಿಗೆ 2 ದಿನ 20 ಗಂಟೆ 49 ನಿಮಿಷ. ಮೂರು ದಿನಕ್ಕೆ 3 ಗಂಟೆ 11 ನಿಮಿಷ ಕಡಿಮೆ. ಇವತ್ತು ರಾತ್ರಿ ಹನ್ನೊಂದಕ್ಕೆ ಅದು ತೀರಾ ಮಂಕಾಯಿತು ಎನ್ನಿ. ಮೂರನೇ ದಿನ ಅದೇ ಸ್ಥಿತಿ ಬರುವುದು ಸಂಜೆ 7.49ಕ್ಕೆ. ಆರನೇ ದಿನ ಸಂಜೆ 4.38ಕ್ಕೆ, ಬಿಸಿಲಿನಲ್ಲಿ. ಆಮೇಲೆ ಮಧ್ಯಾಹ್ನ, ಬೆಳಗ್ಗೆ, ಹೀಗೆ ಹಿಂದಕ್ಕೆ ಸರಿಯುತ್ತ ಹದಿನೆಂಟನೇ ದಿನ ನಸುಕಿನ 3.54ಕ್ಕೆ ಬಂದು ನಿಲ್ಲುತ್ತದೆ. ಹೊಳಪು ಇಳಿಯಲು ಸುಮಾರು ಐದು ಗಂಟೆ, ಏರಲು ಮತ್ತೆ ಐದು ಗಂಟೆ. ಮಿಕ್ಕ ಎರಡೂವರೆ ದಿನ ಬರಿಗಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ವರ್ಷದಲ್ಲಿ ಕೆಲವು ವಾರ ಅದು ಸೂರ್ಯನ ಕಡೆಗಿರುತ್ತದೆ, ಕೆಲವು ತಿಂಗಳು ಮೋಡ. ಪಟ್ಟಿಯಲ್ಲಿ ಎರಡನೇ ದರ್ಜೆ ಎಂದಿದೆ, ಇಂದೇಕೋ ಮೂರನೇ ದರ್ಜೆಯಂತಿದೆ, ಹಿಂದಿನವನು ತಪ್ಪು ಬರೆದಿರಬೇಕು ಎಂದುಕೊಂಡು ಮುಂದಿನ ಚುಕ್ಕಿಗೆ ಹೋಗುವುದು ಸುಲಭ. ಅದಕ್ಕೂ ಮಿಗಿಲಾಗಿ, ನಕ್ಷತ್ರಲೋಕದಲ್ಲಿ ಬದಲಾವಣೆಯೇ ಇಲ್ಲ ಎಂದು ಅರಿಸ್ಟಾಟಲ್‌ನ ಕಾಲದಿಂದ ನಂಬಿದ್ದವರಿಗೆ ಬದಲಾವಣೆಯನ್ನು ಹುಡುಕುವ ಗರಜೇ ಇರಲಿಲ್ಲ.

ಆ ನಂಬಿಕೆಗೆ ಬಿರುಕು ಬಿದ್ದದ್ದು ಹದಿನಾರನೇ ಶತಮಾನದ ಕೊನೆಗೆ. 1596ರಲ್ಲಿ ಡೇವಿಡ್ ಫ್ಯಾಬ್ರೀಸಿಯಸ್ ಎಂಬ ಪಾದ್ರಿ ಸೀಟಸ್ ಪುಂಜದಲ್ಲಿ ಬಂದುಹೋಗುವ ನಕ್ಷತ್ರವೊಂದನ್ನು ಕಂಡ; ಮುಂದೆ ಅದಕ್ಕೆ ಮೀರಾ ಎಂದು ಹೆಸರಾಯಿತು. ಇಟಲಿಯ ಬೊಲೋನ್ಯಾದಲ್ಲಿ ಜೆಮಿನಿಯಾನೊ ಮೊಂಟನಾರಿ 1670ರ ಹೊತ್ತಿಗೆ ಆಲ್ಗಾಲ್‌ನ ಹೊಳಪು ಒಮ್ಮೊಮ್ಮೆ ಬೇರೆಯಾಗಿರುತ್ತದೆ ಎಂದು ದಾಖಲಿಸಿದ. ಇದು ನಮಗೆ ತಿಳಿದ ಮೊದಲ ಖಚಿತ ಬರಹ. ಆದರೆ ಅದರ ಹಿಂದೆ ಗಡಿಯಾರದಂಥ ನಿಯಮವಿದೆ ಎಂದು ಅವನಿಗೆ ಹೊಳೆಯಲಿಲ್ಲ. ಮತ್ತೆ ನೂರು ವರ್ಷಕ್ಕೂ ಹೆಚ್ಚು ಕಾಲ ವಿಷಯ ಅಲ್ಲೇ ನಿಂತಿತು.

ಮುಂದಿನ ಪಾತ್ರಕ್ಕೆ ಆಗ ಹದಿನೆಂಟು ವರ್ಷ. ಜಾನ್ ಗುಡ್‌ರಿಕ್ ಹುಟ್ಟಿದ್ದು 1764ರಲ್ಲಿ, ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ. ಎಳವೆಯಲ್ಲೇ ಕಾಯಿಲೆಯಿಂದ ಕಿವಿ ಹೋಯಿತು. ಎಡಿನ್‌ಬರೋದಲ್ಲಿ ಥಾಮಸ್ ಬ್ರೈಡ್‌ವುಡ್ ಎಂಬಾತ ಕಿವುಡ ಮಕ್ಕಳಿಗಾಗಿಯೇ ಶಾಲೆ ನಡೆಸುತ್ತಿದ್ದ, ಬ್ರಿಟನ್ನಿನಲ್ಲಿ ಅಂಥದ್ದು ಅದೇ ಮೊದಲು. ಗುಡ್‌ರಿಕ್ ಅಲ್ಲಿ ಓದಿದ. ನಂತರ ವಾರಿಂಗ್ಟನ್ ಅಕಾಡೆಮಿಯಲ್ಲಿ ಗಣಿತ ಕಲಿತ. ಓದು ಮುಗಿಸಿ ಯಾರ್ಕ್ ನಗರದಲ್ಲಿ ಹೆತ್ತವರ ಜೊತೆ, ಅಲ್ಲಿನ ದೊಡ್ಡ ಇಗರ್ಜಿ ಮಿನ್‌ಸ್ಟರ್‌ನ ಮಗ್ಗುಲಿನ ಮನೆಯಲ್ಲಿ ಇರತೊಡಗಿದ.

ಯಾರ್ಕ್‌ನಲ್ಲೇ ಇದ್ದ ಎಡ್ವರ್ಡ್ ಪಿಗಟ್ ವಯಸ್ಸಿನಲ್ಲಿ ಹನ್ನೊಂದು ವರ್ಷ ಹಿರಿಯ. ಅವನ ತಂದೆ ನಥಾನಿಯಲ್ ಖಗೋಳ ವೀಕ್ಷಕ, ಮನೆಯಂಗಳದಲ್ಲಿ ಒಳ್ಳೆಯ ಉಪಕರಣಗಳ ವೀಕ್ಷಣಾಲಯವೇ ಇತ್ತು. ಹೊಳಪು ಬದಲಿಸುವ ಶಂಕೆಯಿರುವ ನಕ್ಷತ್ರಗಳ ಪಟ್ಟಿ ಮಾಡಿ ಒಂದೊಂದನ್ನೇ ಕಾಯೋಣ ಎಂಬ ಯೋಚನೆ ಪಿಗಟ್‌ನದು. ಆಲ್ಗಾಲ್ ಆ ಪಟ್ಟಿಯಲ್ಲಿತ್ತು. ಗೆಳೆಯರಿಬ್ಬರೂ ತಮ್ಮ ತಮ್ಮ ಮನೆಯಿಂದ ನೋಡಿ, ಬರೆದುಕೊಂಡು, ಆಮೇಲೆ ತಾಳೆ ಹಾಕುತ್ತಿದ್ದರು.

1782ರ ನವೆಂಬರ್ 12ರ ರಾತ್ರಿ ಗುಡ್‌ರಿಕ್ ಆಲ್ಗಾಲ್ ಕಡೆ ನೋಡಿದ. ಯಾವಾಗಲೂ ಎರಡನೇ ದರ್ಜೆಯಲ್ಲಿ ಹೊಳೆಯುವುದು ಅಂದು ನಾಲ್ಕನೆಯ ದರ್ಜೆಯ ಹತ್ತಿರ ಇಳಿದಿತ್ತು. ಸುಮಾರು ಒಂದು ಗಂಟೆ ಕಾಲ ಎವೆಯಿಕ್ಕದೆ ನೋಡಿದ. ಇಷ್ಟು ಬೇಗ ಹೊಳಪು ಬದಲಿಸುವ ನಕ್ಷತ್ರವನ್ನು ಅವನು ಕೇಳಿಯೇ ಇರಲಿಲ್ಲ. ತನ್ನ ಕಣ್ಣಿನ ದೋಷವೇ, ಹವೆ ಸರಿಯಿಲ್ಲವೇ, ಇದು ಬರೀ ಭ್ರಮೆಯೇ ಎಂದು ಅನುಮಾನಪಟ್ಟದ್ದನ್ನು ದಿನಚರಿಯಲ್ಲಿ ಬರೆದಿಟ್ಟ. ಮರುದಿನ ನೋಡಿದರೆ ಆಲ್ಗಾಲ್ ಎಂದಿನಂತೆ ಇತ್ತು.

ಹೊಳಪನ್ನು ಅಳೆಯುವ ಯಂತ್ರ ಆಗ ಇರಲಿಲ್ಲ. ಇದ್ದದ್ದು ಕಣ್ಣು, ಗಡಿಯಾರ, ಅಕ್ಕಪಕ್ಕದ ಚುಕ್ಕಿಗಳು. ಮಾಮೂಲಿ ಸಮಯದಲ್ಲಿ ಆಲ್ಗಾಲ್ ಆಂಡ್ರೊಮಿಡಾ ಪುಂಜದ ಗ್ಯಾಮಾ ನಕ್ಷತ್ರಕ್ಕೆ ಹೆಚ್ಚುಕಡಿಮೆ ಸಮ. ಇಳಿಯತೊಡಗಿದಾಗ ಪರ್ಸಿಯಸ್‌ನ ಎಪ್ಸಿಲಾನ್ ಮತ್ತು ಡೆಲ್ಟಾ ನಕ್ಷತ್ರಗಳ ಮಟ್ಟಕ್ಕೆ ಬರುತ್ತದೆ. ತಳ ಮುಟ್ಟಿದಾಗ, ಮೆಡೂಸಾಳ ತಲೆಯಲ್ಲೇ ಇರುವ ರೋ ನಕ್ಷತ್ರದಷ್ಟು ಮಂಕು. ಯಾವ ಹೊತ್ತಿಗೆ ಯಾವುದಕ್ಕೆ ಸಮನಾಯಿತು, ಯಾವುದಕ್ಕಿಂತ ಕೆಳಗಿಳಿಯಿತು ಎಂದು ಬರೆದುಕೊಂಡರೆ ಅದೇ ಅಳತೆ. ಡಿಸೆಂಬರ್ 28ರಂದು ಆಲ್ಗಾಲ್ ಮತ್ತೆ ಇಳಿಯುವುದು ಸಿಕ್ಕಿತು. ನವೆಂಬರ್ 12ರಿಂದ ಅಲ್ಲಿಗೆ 46 ದಿನ. ಇಂದಿನ ಲೆಕ್ಕದಲ್ಲಿ ಸರಿಯಾಗಿ ಹದಿನಾರು ಸುತ್ತು. ಅವರಿಗಾದರೋ ಆಗ ನಡುವೆ ಎಷ್ಟು ಸುತ್ತು ಕಳೆದಿವೆ ಎಂದು ಗೊತ್ತಿರಲಿಲ್ಲ. ಚಳಿಗಾಲದುದ್ದಕ್ಕೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಹತ್ತಿರ ಹತ್ತಿರದ ಎರಡು ಇಳಿತಗಳು ಸಿಕ್ಕ ಮೇಲೆಯೇ ಸುತ್ತಿನ ಅವಧಿ ಕೈಗೆ ಬಂತು: 2 ದಿನ 20 ಗಂಟೆ 45 ನಿಮಿಷ. ಇಂದಿನ ಬೆಲೆಗೂ ಇದಕ್ಕೂ ನಾಲ್ಕೇ ನಿಮಿಷ ವ್ಯತ್ಯಾಸ.

1783ರ ಮೇ ತಿಂಗಳಲ್ಲಿ ಈ ವರದಿ ಲಂಡನ್ನಿನ ರಾಯಲ್ ಸೊಸೈಟಿಗೆ ಹೋಯಿತು. ಅದರ ಶೀರ್ಷಿಕೆಯಲ್ಲಿ ಗುಡ್‌ರಿಕ್ ನಕ್ಷತ್ರವನ್ನು ಗುರುತಿಸಿದ್ದು ಟಾಲೆಮಿ ಗುರುತಿಸಿದ ರೀತಿಯಲ್ಲೇ: ಮೆಡೂಸಾ ತಲೆಯಲ್ಲಿರುವ, ಆಲ್ಗಾಲ್ ಎಂದು ಕರೆಯುವ ಪ್ರಕಾಶಮಾನ ನಕ್ಷತ್ರ. ಅವಳ ಕಣ್ಣು ಮಿಟುಕುವುದನ್ನು ನಾನು ಕಂಡೆ ಎಂಬ ಧಾಟಿ ಅದರಲ್ಲಿಲ್ಲ. ಆ ಅಲಂಕಾರವೆಲ್ಲ ಆಮೇಲೆ ಬಂದವರದು.

ಕಾರಣ ಏನಿರಬಹುದು ಎಂಬುದಕ್ಕೆ ಅವನು ಎರಡು ಊಹೆ ಮುಂದಿಟ್ಟ. ಆಲ್ಗಾಲ್ ಸುತ್ತ ದೊಡ್ಡ ಕಾಯವೊಂದು ಸುತ್ತುತ್ತಿದ್ದು, ನಮಗೂ ಅದಕ್ಕೂ ನಡುವೆ ಬಂದಾಗ ಗ್ರಹಣ ಹಿಡಿಯುತ್ತಿರಬಹುದು. ಇಲ್ಲವೇ ಆಲ್ಗಾಲ್‌ನ ಮೈಮೇಲೆ ಒಂದು ಕಡೆ ಕಪ್ಪು ಕಲೆಗಳಿದ್ದು, ನಕ್ಷತ್ರ ತಿರುಗಿದಾಗ ಆ ಮುಖ ನಮ್ಮ ಕಡೆ ಬರುತ್ತಿರಬಹುದು. ಗೆಳೆಯರಿಬ್ಬರ ಟಿಪ್ಪಣಿಗಳನ್ನು ಓದಿದ ಇತಿಹಾಸಕಾರರ ಪ್ರಕಾರ ಗ್ರಹಣದ ಯೋಚನೆ ಮೊದಲು ಬಂದದ್ದು ಪಿಗಟ್‌ಗೆ. ಅವನು ಅದನ್ನು ತನ್ನದೆಂದು ಹೇಳಿಕೊಳ್ಳದೆ ಕಿರಿಯನಿಗೆ ಬಿಟ್ಟುಕೊಟ್ಟ. ವಿಜ್ಞಾನದ ಚರಿತ್ರೆಯಲ್ಲಿ ಮೊದಲು ಕಂಡವರು ಯಾರೆಂದು ಜುಟ್ಟು ಹಿಡಿದು ಜಗಳವಾಡಿದವರ ಕತೆಗಳೇ ಹೆಚ್ಚು, ಪಿಗಟ್‌ನಂಥವರು ಅಪರೂಪ.

ಅದೇ ವರ್ಷ ಜರ್ಮನಿಯ ಡ್ರೆಸ್ಡೆನ್ ಪಕ್ಕದ ಪ್ರೋಲಿಸ್ ಹಳ್ಳಿಯ ರೈತ ಯೋಹಾನ್ ಪಾಲಿಟ್ಸ್ ಕೂಡ ತನ್ನಷ್ಟಕ್ಕೆ ಆಲ್ಗಾಲ್‌ನ ಏರಿಳಿತವನ್ನು ಕಂಡುಕೊಂಡ. ಇವನು ಸಾಮಾನ್ಯನಲ್ಲ. 1758ರ ಕ್ರಿಸ್‌ಮಸ್ ರಾತ್ರಿ, ಹ್ಯಾಲಿ ಹೇಳಿದ್ದ ಧೂಮಕೇತು ಮರಳಿ ಬಂದದ್ದನ್ನು ಯುರೋಪಿನ ಘಟಾನುಘಟಿ ವಿದ್ವಾಂಸರಿಗಿಂತ ಮೊದಲು ನೋಡಿದವನು ಇದೇ ಪಾಲಿಟ್ಸ್. ಆಲ್ಗಾಲ್ ವಿಷಯದಲ್ಲಿ ಮಾತ್ರ ಅವನಿಗಿಂತ ಹುಡುಗ ಮುಂದಿದ್ದ.

ಗುಡ್‌ರಿಕ್‌ಗೆ 1783ರ ಕಾಪ್ಲಿ ಪದಕ ಬಂತು. ರಾಯಲ್ ಸೊಸೈಟಿಯ ಅತ್ಯುನ್ನತ ಗೌರವ, ಹತ್ತೊಂಬತ್ತರ ಹುಡುಗನಿಗೆ. ಮರುವರ್ಷ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ಪಿಗಟ್ ಈಟಾ ಅಕ್ವಿಲೆಯ ಏರಿಳಿತವನ್ನೂ ಗುಡ್‌ರಿಕ್ ಬೀಟಾ ಲೈರೆಯದನ್ನೂ ಕಂಡರು. ಮರುತಿಂಗಳು ಗುಡ್‌ರಿಕ್‌ಗೆ ಡೆಲ್ಟಾ ಸೀಫಿ ಸಿಕ್ಕಿತು. ಸೀಫಿಯಸ್ ಅಂದರೆ ಕತೆಯಲ್ಲಿ ಪರ್ಸಿಯಸ್‌ನ ಮಾವ. ಕಡಲಮೃಗದಲ್ಲಿ ಮೀರಾ, ಅಳಿಯನ ಕೈಯಲ್ಲಿ ಆಲ್ಗಾಲ್, ಮಾವನ ಮೈಯಲ್ಲಿ ಡೆಲ್ಟಾ: ಹೊಳಪು ಬದಲಿಸುವ ನಕ್ಷತ್ರಗಳ ಮೂರು ಬಗೆಗಳಿಗೆ ಮಾದರಿಯಾದ ಮೂರೂ ಒಂದೇ ಪುರಾಣಕತೆಯ ಬಳಗದಲ್ಲಿವೆ. ಸಾಲದ್ದಕ್ಕೆ, ಡೆಲ್ಟಾ ಸೀಫಿ ಜಾತಿಯ ನಕ್ಷತ್ರವೊಂದನ್ನು 1923ರಲ್ಲಿ ಎಡ್ವಿನ್ ಹಬಲ್ ಗುರುತಿಸಿದ್ದು ಆಂಡ್ರೊಮಿಡಾ ನೀಹಾರಿಕೆಯಲ್ಲಿ. ನಮ್ಮ ಆಕಾಶಗಂಗೆಯಾಚೆಗೂ ಬೇರೆ ಗೆಲಾಕ್ಸಿಗಳಿವೆ ಎಂದು ಖಚಿತವಾದದ್ದು ಅದರಿಂದ. ಇದರಲ್ಲಿ ಗುಟ್ಟು ಹುಡುಕುವವರಿಗೆ ನಾನು ಹೇಳುವುದಿಷ್ಟೇ: ಆಕಾಶದ ಅಷ್ಟು ದೊಡ್ಡ ತುಂಡನ್ನು ಒಂದೇ ಕತೆಗೆ ಬರೆದುಕೊಟ್ಟ ಮೇಲೆ ಅದರಲ್ಲಿ ಏನೆಲ್ಲ ಸಿಗಲಾರದು?

1786ರ ಏಪ್ರಿಲ್ 16ರಂದು ರಾಯಲ್ ಸೊಸೈಟಿ ಗುಡ್‌ರಿಕ್‌ನನ್ನು ಸದಸ್ಯನಾಗಿ ಆರಿಸಿತು. ನಾಲ್ಕು ದಿನ ಕಳೆದು, ಏಪ್ರಿಲ್ 20ರಂದು, ಅವನು ಯಾರ್ಕ್‌ನಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ತೊಂದು.

ಗ್ರಹಣದ ಊಹೆಗೆ ಅಷ್ಟರಲ್ಲೇ ಮಂಕು ಕವಿದಿತ್ತು. ವಿಲಿಯಂ ಹರ್ಶೆಲ್ ತನ್ನ ದೊಡ್ಡ ದೂರದರ್ಶಕದಲ್ಲಿ ಆಲ್ಗಾಲ್‌ನ ಜೊತೆಗಾರನಿಗಾಗಿ ಹುಡುಕಿ, ಒಂಟಿ ಚುಕ್ಕಿಯಲ್ಲದೆ ಬೇರೇನೂ ಕಾಣದು ಎಂದಿದ್ದ. ಬೇರೆ ನಕ್ಷತ್ರಗಳ ಏರಿಳಿತಕ್ಕೆ ಗ್ರಹಣದ ಲೆಕ್ಕ ಹೊಂದದ್ದರಿಂದ ಗುಡ್‌ರಿಕ್, ಪಿಗಟ್ ಇಬ್ಬರೂ ಕೊನೆಗೆ ಕಲೆಗಳ ಕಡೆಗೇ ವಾಲಿದರು. ಸರಿಯಾದ ಉತ್ತರ ಕೈಯಲ್ಲಿದ್ದೂ ಕೆಳಗಿಟ್ಟರು ಎನ್ನಬಹುದು. ಆದರೆ ಆ ಕಾಲದ ಸಾಕ್ಷ್ಯ ನೋಡಿದರೆ ಅವರು ಮಾಡಿದ್ದು ಪ್ರಾಮಾಣಿಕ ಕೆಲಸ.

ನೂರು ವರ್ಷದ ನಂತರ, 1880ರಲ್ಲಿ, ಹಾರ್ವರ್ಡ್‌ನ ಎಡ್ವರ್ಡ್ ಪಿಕರಿಂಗ್ ಹೊಳಪಿನ ಏರಿಳಿತದ ಅಂಕಿಗಳಿಂದಲೇ ಗ್ರಹಣವನ್ನು ಲೆಕ್ಕ ಹಾಕಿ ತೋರಿಸಿದರು. ಮುದ್ರೆ ಬಿದ್ದದ್ದು 1889ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ. ಹೆರ್ಮನ್ ಫೋಗಲ್ ಆಲ್ಗಾಲ್‌ನ ರೋಹಿತದ ಫೋಟೋ ತೆಗೆದರು. ಗ್ರಹಣ ಹಿಡಿಯುವ ಮುನ್ನ ರೋಹಿತದ ಗೆರೆಗಳು ಕೆಂಪಿನತ್ತ ಸರಿದಿದ್ದವು, ಎಂದರೆ ನಕ್ಷತ್ರ ನಮ್ಮಿಂದ ದೂರ ಓಡುತ್ತಿತ್ತು. ಗ್ರಹಣ ಬಿಟ್ಟ ಮೇಲೆ ನೀಲಿಯತ್ತ ಸರಿದಿದ್ದವು, ಹತ್ತಿರ ಬರುತ್ತಿತ್ತು. ಕಾಣದ ಜೊತೆಗಾರನ ಹಿಂದೆ ಹೋಗಿ, ಮತ್ತೊಂದು ಮಗ್ಗುಲಿನಿಂದ ಮುಂದಕ್ಕೆ ಬರುವ ನಕ್ಷತ್ರ ಹೀಗೇ ನಡೆದುಕೊಳ್ಳಬೇಕು. ಕಲೆಗಳ ಊಹೆ ಅಲ್ಲಿಗೆ ಮುಗಿಯಿತು.

ಜೊತೆಗಾರ ಪೂರ್ತಿ ಕತ್ತಲೆಯೇ? 1910ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೋಯಲ್ ಸ್ಟೆಬಿನ್ಸ್ ಅಲ್ಲ ಎಂದು ತೋರಿಸಿದರು. ಬೆಳಕು ಬಿದ್ದಾಗ ವಿದ್ಯುತ್ತನ್ನು ಹೆಚ್ಚು ಹರಿಯಗೊಡುವ ಸೆಲೀನಿಯಂ ತುಣುಕೊಂದನ್ನು ಮಂಜುಗಡ್ಡೆಯಲ್ಲಿ ತಂಪಾಗಿಟ್ಟು ದೂರದರ್ಶಕಕ್ಕೆ ಜೋಡಿಸಿದ್ದರು. ಎರಡು ದೊಡ್ಡ ಇಳಿತಗಳ ನಟ್ಟನಡುವೆ, ಕಣ್ಣಿಗೆ ಎಂದೂ ಸಿಗದ ಇನ್ನೊಂದು ಪುಟ್ಟ ಇಳಿತ ದಾಖಲಾಯಿತು. ಹೊಳಪು ನೂರರಲ್ಲಿ ಐದಾರು ಪಾಲು ಮಾತ್ರ ಕಡಿಮೆಯಾಗಿತ್ತು. ಅದು ಹೊಳೆಯುವ ನಕ್ಷತ್ರ ತನ್ನ ಮಂಕು ಜೊತೆಗಾರನನ್ನು ಮರೆಮಾಡುವ ಹೊತ್ತು. ಮರೆಯಾದಾಗ ಬೆಳಕು ಕಡಿಮೆಯಾಗುತ್ತದೆ ಎಂದರೆ ಮರೆಯಾದದ್ದಕ್ಕೂ ಬೆಳಕಿದೆ ಎಂದಾಯಿತು.

ಆಲ್ಗಾಲ್ ನಮ್ಮಿಂದ ಸುಮಾರು 90 ಜ್ಯೋತಿರ್ವರ್ಷ ದೂರ. ಹೊಳೆಯುವ ನಕ್ಷತ್ರದ ತೂಕ ಸೂರ್ಯನ ಮೂರರಷ್ಟಕ್ಕಿಂತ ತುಸು ಹೆಚ್ಚು. ಮರೆಮಾಡುವುದರ ತೂಕ ಸೂರ್ಯನ ಮುಕ್ಕಾಲಿಗೂ ಕಡಿಮೆ, ಮೈ ಮಾತ್ರ ಊದಿಕೊಂಡು ಜೊತೆಗಾರನಿಗಿಂತ ಅಗಲ. ಎರಡರ ನಡುವೆ ಬುಧ ಗ್ರಹ ಸೂರ್ಯನಿಂದ ಇರುವ ದೂರದ ಆರನೇ ಒಂದು ಪಾಲು ಜಾಗ. ಇವೆರಡನ್ನೂ ಆಚೆಯಿಂದ ಸುತ್ತುವ ಮೂರನೆಯದೂ ಒಂದಿದೆ, ಅದರ ಸುತ್ತಿಗೆ 680 ದಿನ. ಇಲ್ಲೊಂದು ಒಗಟು ತಲೆಯೆತ್ತಿತು. ನಕ್ಷತ್ರ ತೂಕವಿದ್ದಷ್ಟೂ ಇಂಧನ ಬೇಗ ಮುಗಿಸಿ ಬೇಗ ಮುದಿಯಾಗುತ್ತದೆ, ಮುದಿಯಾದಾಗ ಊದಿಕೊಳ್ಳುತ್ತದೆ. ಆಲ್ಗಾಲ್‌ನಲ್ಲಿ ಹಗುರವಾದದ್ದು ಮುದಿಯಾಗಿದೆ, ಭಾರವಾದದ್ದು ಇನ್ನೂ ಪ್ರಾಯದಲ್ಲಿದೆ. ಒಟ್ಟಿಗೆ ಹುಟ್ಟಿದ ಜೋಡಿಯಲ್ಲಿ ಇದು ಹೇಗೆ? 1955ರಲ್ಲಿ ಜಾನ್ ಕ್ರಾಫರ್ಡ್ ಕೊಟ್ಟ ಉತ್ತರ ಇಂದಿಗೂ ನಿಂತಿದೆ: ಈಗಿನ ಹಗುರ ನಕ್ಷತ್ರ ಮೊದಲು ಭಾರವಾಗಿತ್ತು. ಅದು ಊದಿಕೊಂಡಾಗ ಹತ್ತಿರದ ಜೊತೆಗಾರ ಅದರ ಹೊರಮೈಯ ಅನಿಲವನ್ನು ಎಳೆದು ತನ್ನದಾಗಿಸಿಕೊಂಡಿತು. ಅಲ್ಪ ಪ್ರಮಾಣದಲ್ಲಿ ಈಗಲೂ ಎಳೆದುಕೊಳ್ಳುತ್ತಿದೆ.

ಹೀಗೆ ತೂಕ ಕೈ ಬದಲಾದರೆ ಸುತ್ತಿನ ಅವಧಿಯೂ ನಿಧಾನವಾಗಿ ಉದ್ದವಾಗಬೇಕು. ಇದೇ ಎಳೆ ಹಿಡಿದು ಫಿನ್‌ಲೆಂಡಿನ ಹೆಲ್ಸಿಂಕಿಯ ಸಂಶೋಧಕರು ಈಜಿಪ್ಟಿಗೆ ಹೋದರು. ಕೈರೋದಲ್ಲಿರುವ, ಮೂರು ಸಾವಿರ ವರ್ಷಕ್ಕೂ ಹಳೆಯ ಪಪೈರಸ್ ಪಂಚಾಂಗವೊಂದು ವರ್ಷದ ದಿನಗಳನ್ನು ಮೂರು ಮೂರು ಪಾಲು ಮಾಡಿ ಶುಭ, ಅಶುಭ ಎಂದು ಗುರುತಿಸುತ್ತದೆ. ಆ ಗುರುತುಗಳನ್ನು ಲೆಕ್ಕಕ್ಕೆ ಹಾಕಿದಾಗ ಚಂದ್ರನ ತಿಂಗಳ ಜೊತೆಗೆ 2.85 ದಿನದ ಇನ್ನೊಂದು ಆವರ್ತನೆಯೂ ಸಿಕ್ಕಿತು ಎಂದು 2013ರಲ್ಲಿ ಪ್ರಕಟಿಸಿದರು. ಆಲ್ಗಾಲ್‌ನ ಇಂದಿನ ಅವಧಿ 2.867 ದಿನ. ಅವರ ವಾದಕ್ಕೆ ಹೊಂದುವಂತೆಯೇ ಹಿಂದಿನದು ತುಸು ಚಿಕ್ಕದು. ಕುತೂಹಲದ ಲೆಕ್ಕ, ಆದರೆ ಆ ಪಪೈರಸ್‌ನಲ್ಲಿ ನಕ್ಷತ್ರದ ಹೆಸರಿಲ್ಲ. ಅಂಕಿಗಳೇ ಸಾಕ್ಷಿ. ನಾನಂತೂ ಇದನ್ನು ಅರ್ಧ ಮನಸ್ಸಿನಿಂದ ಒಪ್ಪುತ್ತೇನೆ. ಒಂದು ವೇಳೆ ನಿಜವೇ ಆದರೂ ಈಜಿಪ್ಟಿನ ಆ ಲಿಪಿಕಾರನಿಗೂ ಗ್ರೀಕರ ಮೆಡೂಸಾಗೂ ನಡುವೆ ಸೇತುವೆ ಕಟ್ಟಿಕೊಟ್ಟವರು ಯಾರೂ ಇಲ್ಲ.

2016ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ನಕ್ಷತ್ರಗಳ ಹೆಸರುಗಳನ್ನು ಅಧಿಕೃತಗೊಳಿಸಲು ಸಮಿತಿ ರಚಿಸಿತು. ಆಲ್ಗಾಲ್ ಎಂಬ ಹೆಸರಿಗೂ ಆಗ ಮಂಜೂರಾತಿ ಸಿಕ್ಕಿತು. ಜೋಡಿ ನಕ್ಷತ್ರಗಳ ವಿಷಯದಲ್ಲಿ ಸಮಿತಿಯ ನಿಯಮ ಸ್ಪಷ್ಟ: ಹೆಸರು ಸೇರುವುದು ಹೆಚ್ಚು ಹೊಳೆಯುವುದಕ್ಕೆ ಮಾತ್ರ. ಹಾಗಾಗಿ ಮೂರು ದಿನಕ್ಕೊಮ್ಮೆ ಅಡ್ಡ ಬಂದು ಗ್ರಹಣ ಹಿಡಿಸುವ, ಗುಡ್‌ರಿಕ್‌ನನ್ನು ಚಳಿಯಲ್ಲಿ ಕಾಯಿಸಿದ ಆ ಊದಿದ ನಕ್ಷತ್ರಕ್ಕೆ ಪುರಾಣದ ಹೆಸರಿನಲ್ಲಿ ಪಾಲಿಲ್ಲ. ಅದಕ್ಕಿರುವುದು ಪಟ್ಟಿಯ ಒಂದೆರಡು ಅಕ್ಷರ, ಒಂದು ಅಂಕಿ.